ಟ್ರ್ಯಾಕಿಗೆ ಬ್ರೇಕ್ ಪ್ಯಾಡ್ ತಗೊಳ್ಳುವಾಗ ಮೊದಲು ಬಿಸಿ ಕೇಳಿ, ಆಮೇಲೆ ಬೆಲೆ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ವಾಹನ ಪುಟದಲ್ಲಿ ಟ್ರ್ಯಾಕ್ ಡೇ ಬಗ್ಗೆ ಬಂದ ಬರಹ ಓದಿದೆ. ನಮ್ಮ ಕಾರನ್ನೇ ತಗೊಂಡು ಹೋಗಿ ರೇಸ್ ಟ್ರ್ಯಾಕಿನಲ್ಲಿ ಓಡಿಸಬಹುದು ಅನ್ನೋದನ್ನು ಕನ್ನಡದಲ್ಲಿ ಬರೆದಿದ್ದೇ ದೊಡ್ಡದು, ಖುಷಿಯಾಯಿತು. ಎಂಜಿನ್ ರೀಮ್ಯಾಪ್ ಇತ್ತು, ಎಕ್ಸಾಸ್ಟ್ ಇತ್ತು, ಟೈರ್ ಇತ್ತು, ಹೆಲ್ಮೆಟ್ ಎಂಥದ್ದಿರಬೇಕು ಅಂತಲೂ ಇತ್ತು. ಬ್ರೇಕ್ ಬಗ್ಗೆ ಮಾತ್ರ ಒಂದೇ ಸಾಲು. ಒಳ್ಳೆ ಕಂಪನಿಯ ಪರ್ಫಾರ್ಮೆನ್ಸ್ ಪ್ಯಾಡ್ ಹಾಕಿಸಿಕೊಂಡರೆ ಸಾಕು ಅನ್ನೋ ಅರ್ಥದ್ದು. ನನ್ನ ತಕರಾರು ಆ ಸಾಲಿನ ಮೇಲೆ. ಗೊತ್ತಿಲ್ಲದವರಿಗೆ ಒಂದು ಮಾತು: ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ ಡಿಸ್ಕ್, ಬ್ರೇಕ್ ತುಳಿದಾಗ ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ತುಂಡುಗಳೇ ಪ್ಯಾಡ್.

ನಾನು ರಾಜಾಜಿನಗರದ ಕಡೆ ಸಣ್ಣ ಗ್ಯಾರೇಜ್ ಇಟ್ಟುಕೊಂಡಿದ್ದೇನೆ. ಶನಿವಾರ ಭಾನುವಾರ ಟ್ರ್ಯಾಕಿಗೆ ಹೋಗುವ ಹುಡುಗ ಹುಡುಗಿಯರ ಕಾರುಗಳು ಬರುತ್ತವೆ. ಕೆಲವೊಮ್ಮೆ ಸ್ಪ್ಯಾನರ್ ಹಿಡಿದು ಅವರ ಜೊತೆ ನಾನೂ ಹೋಗುತ್ತೇನೆ. ಎಂಜಿನ್ನಿಗೆ ಲಕ್ಷ ಸುರಿದು ಬ್ರೇಕ್ ಪ್ಯಾಡಿಗೆ ಚೌಕಾಸಿ ಮಾಡುವವರನ್ನು ನೋಡಿ ನೋಡಿ ಸಾಕಾಗಿದೆ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದ. ಕತ್ತರಿ ಹಾಕಲೇಬೇಕು ಅಂದರೆ ಲೆಕ್ಕದ ಭಾಗ ಮತ್ತು ಬ್ರೇಕ್ ಆಯಿಲ್ ಭಾಗ ಬಿಟ್ಟು ಬೇರೆ ಕಡೆ ಹಾಕಿ.

ಬೆಂಗಳೂರಿನಿಂದ ಹೋಗುವವರಲ್ಲಿ ಜಾಸ್ತಿ ಜನ ಹೋಗುವುದು ಶ್ರೀಪೆರಂಬುದೂರಿನ ಹತ್ತಿರದ ಇರುಂಗಾಟ್ಟುಕೋಟೈಗೆ, ಅಂದರೆ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್‌ಗೆ. ಒಂದು ಸುತ್ತು 3.717 ಕಿ.ಮೀ., 12 ತಿರುವು. ಮನೆಯಿಂದ ಸುಮಾರು 300 ಕಿ.ಮೀ. ದೂರ. ಇನ್ನು ಕೆಲವರು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗುತ್ತಾರೆ, ಅದು ಎರಡು ಕಿ.ಮೀ. ಚಿಲ್ಲರೆ. ದುಡ್ಡೂ ರಜೆಯೂ ಇರುವವರು ಗ್ರೇಟರ್ ನೋಯ್ಡಾದ ಬುದ್ಧ ಸರ್ಕಿಟ್‌ವರೆಗೂ ಹೋಗಿ ಬರುತ್ತಾರೆ, 5.125 ಕಿ.ಮೀ., ಅಲ್ಲಿ 2011ರಿಂದ 2013ರವರೆಗೆ ಫಾರ್ಮುಲಾ ಒನ್ ನಡೆದಿತ್ತು. ಆದರೆ ನಮ್ಮವರಲ್ಲಿ ಮುಕ್ಕಾಲು ಪಾಲು ಜನರಿಗೆ ಟ್ರೇಲರ್ ಇಲ್ಲ. ಅದೇ ಸ್ವಿಫ್ಟ್, ಅದೇ ಪೋಲೋ. ಶುಕ್ರವಾರ ರಾತ್ರಿ ಓಡಿಸಿಕೊಂಡು ಹೋಗಬೇಕು, ಎರಡು ದಿನ ಟ್ರ್ಯಾಕಿನಲ್ಲಿ ಚಚ್ಚಬೇಕು, ಭಾನುವಾರ ರಾತ್ರಿ ಅದರಲ್ಲೇ ವಾಪಸ್ ಬಂದು ಸೋಮವಾರ ಆಫೀಸಿಗೆ ಹೋಗಬೇಕು. ತೊಡಕೆಲ್ಲ ಇರುವುದು ಇಲ್ಲೇ. ಟ್ರ್ಯಾಕಿಗೆ ಹೇಳಿ ಮಾಡಿಸಿದ ಪ್ಯಾಡ್ ಸೋಮವಾರ ಬೆಳಿಗ್ಗೆಯ ಟ್ರಾಫಿಕ್‌ಗೆ ಆಗಿಬರುವುದಿಲ್ಲ, ಟ್ರಾಫಿಕ್‌ಗೆ ಚೆನ್ನಾಗಿರುವುದು ಟ್ರ್ಯಾಕಿನ ನಾಲ್ಕನೇ ಸುತ್ತಿಗೇ ಕೈ ಕೊಡುತ್ತದೆ.

ಯಾಕೆ ಅಂತ ಲೆಕ್ಕ ಹಾಕೋಣ. ಡ್ರೈವರ್ ಸೇರಿ 1,000 ಕಿಲೋ ತೂಗುವ ಕಾರು 150 ಕಿ.ಮೀ. ವೇಗದಲ್ಲಿ ಬಂದು ತಿರುವಿಗೆ 60ಕ್ಕೆ ಇಳಿಯಬೇಕು ಅಂದುಕೊಳ್ಳಿ. ಅಷ್ಟರಲ್ಲಿ ಕಳೆಯಬೇಕಾದ ಶಕ್ತಿ ಸುಮಾರು 730 ಕಿಲೋಜೂಲ್. ಎರಡೂವರೆ ಲೀಟರ್ ನೀರನ್ನು ಕೊಳಾಯಿಯಿಂದ ಹಿಡಿದ ಹಾಗೇ ತಂದು ಕುದಿ ಬರುವವರೆಗೆ ಕಾಯಿಸಲು ಬೇಕಾದಷ್ಟು ಶಾಖ ಅದು, ಮೂರು ಸೆಕೆಂಡಿನಲ್ಲಿ! ಅದರಲ್ಲಿ ಹೆಚ್ಚೂಕಡಿಮೆ ಮುಕ್ಕಾಲು ಭಾಗ ಮುಂದಿನ ಎರಡು ಚಕ್ರಗಳ ಬ್ರೇಕಿಗೇ ಹೋಗುತ್ತದೆ, ಯಾಕೆಂದರೆ ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ಬೀಳುತ್ತದೆ. ಊರೊಳಗೆ 60ರಿಂದ ಪೂರ್ತಿ ನಿಲ್ಲಿಸಿದರೂ ಇದರ ಐದನೇ ಒಂದು ಭಾಗದಷ್ಟು ಶಾಖವೂ ಹುಟ್ಟುವುದಿಲ್ಲ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು, ಶಾಲೆಯಲ್ಲಿ ಓದಿದ್ದೇ. ಟ್ರ್ಯಾಕಿನಲ್ಲಿ ಹೀಗೆ ಒಂದು ಸುತ್ತಿನಲ್ಲಿ ಹಲವು ಸಲ ತುಳಿಯಬೇಕು, ಸುತ್ತು ಮುಗಿಯುವುದು ಎರಡು ನಿಮಿಷ ಚಿಲ್ಲರೆಯಲ್ಲಿ, ಡಿಸ್ಕ್ ತಣ್ಣಗಾಗುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ. ಆಗುಂಬೆ ಘಾಟಿ ಇಳಿದವರಿಗೆ ಬ್ರೇಕ್ ಸುಟ್ಟ ವಾಸನೆ ಗೊತ್ತು, ಅಲ್ವಾ? ಅಲ್ಲಿ ಸೆಕೆಂಡ್ ಗೇರಿಗೆ ಹಾಕಿದರೆ ಎಂಜಿನ್ ಅರ್ಧ ಕೆಲಸ ಮಾಡಿಕೊಡುತ್ತದೆ. ಟ್ರ್ಯಾಕಿನಲ್ಲಿ ಆ ಉಪಾಯ ನಡೆಯುವುದಿಲ್ಲ.

ಕಾರಿನ ಜೊತೆ ಬರುವ ಪ್ಯಾಡ್ ಕೆಟ್ಟದ್ದಲ್ಲ. ಬೆಳಿಗ್ಗೆ ತಣ್ಣಗಿದ್ದಾಗಲೇ ಹಿಡಿಯಬೇಕು, ಕೀಚ್ ಅನ್ನಬಾರದು, ಚಕ್ರಕ್ಕೆ ಕಪ್ಪು ಪುಡಿ ಬಳಿಯಬಾರದು, ಡಿಸ್ಕ್ ಬೇಗ ಸವೆಸಬಾರದು, ವರ್ಷಗಟ್ಟಲೆ ಬರಬೇಕು. ಇಷ್ಟಕ್ಕೆಲ್ಲ ಲೆಕ್ಕ ಹಾಕಿ ಮಾಡಿದ್ದು ಅದು. 300 ಡಿಗ್ರಿ ದಾಟುತ್ತಾ ಹೋದ ಹಾಗೆ ಅದರ ಹಿಡಿತ ಇಳಿಯಲು ಶುರು. ಪ್ಯಾಡಿನೊಳಗಿನ ಪುಡಿಗಳನ್ನು ಕಚ್ಚಿ ಹಿಡಿದಿರುವ ರಾಳ ಬೇಯುತ್ತದೆ, ಗ್ಯಾಸ್ ಬಿಡುತ್ತದೆ, ಆ ಗ್ಯಾಸ್ ಪ್ಯಾಡ್ ಮತ್ತು ಡಿಸ್ಕ್ ನಡುವೆ ಸೇರಿಕೊಳ್ಳುತ್ತದೆ. ಎಷ್ಟು ತುಳಿದರೂ ಕಾರು ಜಾರುತ್ತಲೇ ಇರುತ್ತದೆ. ಟ್ರ್ಯಾಕ್ ಪ್ಯಾಡುಗಳನ್ನು ಮಾಡುವವರು ರಾಳವನ್ನೇ ಬದಲಾಯಿಸುತ್ತಾರೆ, ಲೋಹ ಮತ್ತು ಕಾರ್ಬನ್ ಪಾಲು ಏರಿಸುತ್ತಾರೆ. ಅವು 500, 600 ಡಿಗ್ರಿಯಲ್ಲೂ ಹಿಡಿಯುತ್ತವೆ. ಇದರ ಬೆಲೆಯನ್ನು ತಣ್ಣಗಿದ್ದಾಗ ತೆರಬೇಕು, ಆಗ ಅವು ಸರಿಯಾಗಿ ಕಚ್ಚುವುದಿಲ್ಲ.

ಈ ಮೆಟೀರಿಯಲ್ ಹುಡುಕಾಟ ಹೊಸದೇನಲ್ಲ. 1888ರಲ್ಲಿ ಜರ್ಮನಿಯ ಬೆರ್ತಾ ಬೆಂಜ್ ತಮ್ಮ ಗಂಡ ಕಾರ್ಲ್ ಬೆಂಜ್ ಮಾಡಿದ ಕಾರನ್ನು ಮಾನ್‌ಹೈಮ್‌ನಿಂದ ತವರಿನ ಕಡೆ ಓಡಿಸಿಕೊಂಡು ಹೋದಾಗ ಮರದ ಬ್ರೇಕ್ ಸವೆದುಹೋಯಿತಂತೆ. ದಾರಿಯಲ್ಲಿ ಬೂಟು ಹೊಲಿಯುವವರ ಹತ್ತಿರ ನಿಲ್ಲಿಸಿ ಅದಕ್ಕೆ ಚರ್ಮ ಹೊಡೆಸಿಕೊಂಡರು. ಮೊದಲ ಬ್ರೇಕ್ ಲೈನರ್ ಅದೇ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ ಹರ್ಬರ್ಟ್ ಫ್ರೂಡ್ 1897ರಲ್ಲಿ ಶುರು ಮಾಡಿದ ಕೆಲಸವೇ ಇವತ್ತಿನ ಫೆರೋಡೋ ಕಂಪನಿ. 1953ರಲ್ಲಿ ಜಾಗ್ವಾರ್ ಡಿಸ್ಕ್ ಬ್ರೇಕ್ ಹಾಕಿಕೊಂಡು ಫ್ರಾನ್ಸಿನ ಲೆ ಮಾನ್ ರೇಸ್ ಗೆದ್ದಿತು, ಆಮೇಲೆ ಡ್ರಮ್, ಅಂದರೆ ಡಬ್ಬಿಯಂಥ ಹಳೇ ನಮೂನೆಯ ಬ್ರೇಕ್ ನಂಬಿಕೊಂಡು ರೇಸಿಗೆ ಬಂದವರು ಹಿಂದೆ ಬಿದ್ದರು. ನಮ್ಮ ಸ್ವಿಫ್ಟ್, ಪೋಲೋಗಳ ಹಿಂದಿನ ಚಕ್ರದಲ್ಲಿ ಇನ್ನೂ ಡ್ರಮ್ಮೇ ಇದೆ, ಆ ಮಾತು ಬೇರೆ.

ಪ್ಯಾಡಿಗಿಂತ ಮೊದಲು ನೋಡಬೇಕಾದ್ದು ಬ್ರೇಕ್ ಆಯಿಲ್. ಪೆಡಲ್ ತುಳಿದ ಒತ್ತಡವನ್ನು ಪ್ಯಾಡಿನವರೆಗೆ ಒಯ್ಯುವುದು ಅದೇ. ಗ್ಯಾರೇಜಿಗೆ ಬಂದು ಟ್ರ್ಯಾಕಿನಲ್ಲಿ ಬ್ರೇಕ್ ಹೋಯಿತಣ್ಣ ಅನ್ನುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ: ಪೆಡಲ್ ಹೇಗಿತ್ತು? ಮೆತ್ತಗಾಗಿ ನೆಲದವರೆಗೂ ಹೋಯಿತು, ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಸ್ವಲ್ಪ ಸಿಕ್ಕಿತು ಅಂದರೆ ಅದು ಆಯಿಲ್ ಕುದಿದದ್ದು. ಕುದಿದ ಆಯಿಲ್‌ನಲ್ಲಿ ಗುಳ್ಳೆ ಏಳುತ್ತದೆ, ನೀವು ತುಳಿದದ್ದೆಲ್ಲ ಗುಳ್ಳೆ ಅಮುಕಲು ಖರ್ಚಾಗುತ್ತದೆ, ಪ್ಯಾಡಿಗೆ ಒತ್ತಡ ತಲುಪುವುದೇ ಇಲ್ಲ. ಪೆಡಲ್ ಗಟ್ಟಿಯಾಗಿಯೇ ಇತ್ತು, ಆದರೆ ಕಾರು ನಿಲ್ಲಲಿಲ್ಲ ಅಂದರೆ ಪ್ಯಾಡ್ ಸತ್ತಿದ್ದು. ಎರಡೂ ಬೇರೆ ಕಾಯಿಲೆ, ಔಷಧಿಯೂ ಬೇರೆ. ಆಯಿಲ್ ಕುದಿದವರು ಹೋಗಿ ಸಾವಿರಾರು ರೂಪಾಯಿ ಕೊಟ್ಟು ಪ್ಯಾಡ್ ತಗೊಂಡು ಬರುತ್ತಾರೆ. ಮುಂದಿನ ಸಲ ಪೆಡಲ್ ಮತ್ತೆ ನೆಲಕ್ಕೆ!

ಆಯಿಲ್ ಡಬ್ಬದ ಮೇಲೆ ಡಾಟ್ 3, ಡಾಟ್ 4, ಡಾಟ್ 5.1 ಅಂತ ದರ್ಜೆ ಬರೆದಿರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ಡಾಟ್ 4ಕ್ಕೆ 230, ಡಾಟ್ 5.1ಕ್ಕೆ 260. ಆದರೆ ಇದು ಈಗಷ್ಟೇ ಮುಚ್ಚಳ ತೆಗೆದ ಡಬ್ಬದ ಲೆಕ್ಕ. ಈ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ಶೇ 3.7ರಷ್ಟು ನೀರು ಸೇರಿತು ಅಂದರೆ ಅದೇ ಡಾಟ್ 4ರ ಮಿತಿ 155ಕ್ಕೆ ಇಳಿಯುತ್ತದೆ, ಡಾಟ್ 3ರದ್ದು 140ಕ್ಕೆ. ನಾಲ್ಕು ವರ್ಷದಿಂದ ಬದಲಾಯಿಸದ ಆಯಿಲ್ ಹಾಕಿಕೊಂಡು ಚೆನ್ನೈನ ಸೆಕೆಗೆ ಹೋಗುವವರಿದ್ದಾರೆ, ಏನು ಹೇಳೋದು. ರೇಸಿಗೆ ಅಂತಲೇ ಬರುವ ಆಯಿಲ್‌ಗಳು ಹೊಸದಿದ್ದಾಗ 300 ಡಿಗ್ರಿ ದಾಟುತ್ತವೆ. ಟ್ರ್ಯಾಕಿಗೆ ಹೋಗುವ ವಾರ ಹಳೆಯದನ್ನು ಪೂರ್ತಿ ತೆಗೆದು ಹೊಸದು ತುಂಬಿಸಿ, ನಾಲ್ಕೂ ಚಕ್ರದಲ್ಲಿ ಏರ್ ಬಿಡಿಸಿ. ಬರೀ ಡಾಟ್ 5 ಅಂತ ಇರುವುದನ್ನು ಮಾತ್ರ ಮುಟ್ಟಬೇಡಿ, ಅದು ಸಿಲಿಕಾನ್ ಜಾತಿ, ಉಳಿದವುಗಳ ಜೊತೆ ಬೆರೆಯುವುದಿಲ್ಲ. ನಂಬರ್ ಜಾಸ್ತಿ ಅಂತ ಖುಷಿಯಿಂದ ತಂದುಬಿಡುತ್ತಾರೆ.

ಈಗ ಪ್ಯಾಡ್. ಜೆ.ಸಿ. ರಸ್ತೆಯಲ್ಲಿ ಅಂಗಡಿಗೆ ಹೋಗಿ ಟ್ರ್ಯಾಕಿಗೆ ಪ್ಯಾಡ್ ಬೇಕು ಅಂದರೆ ಸೆರಾಮಿಕ್ ತಗೊಳ್ಳಿ ಸಾರ್ ಟಾಪ್ ಮಾಲು ಅನ್ನುತ್ತಾರೆ. ಫೆರಾರಿಯಲ್ಲೂ ಸೆರಾಮಿಕ್ಕೇ ಅಲ್ವಾ ಅನ್ನಬೇಡಿ, ಅಲ್ಲಿರುವುದು ಕಾರ್ಬನ್ ಸೆರಾಮಿಕ್ ಡಿಸ್ಕ್, ಅದೇ ಬೇರೆ ಲೋಕ. ಡಬ್ಬದಲ್ಲಿ ಬರುವ ಸೆರಾಮಿಕ್ ಪ್ಯಾಡುಗಳಲ್ಲಿ ಜಾಸ್ತಿ ಪಾಲು ರಸ್ತೆಗೆ ಮಾಡಿದವು. ಪುಡಿ ಕಡಿಮೆ, ಸದ್ದು ಕಡಿಮೆ, ಅಲಾಯ್ ವೀಲ್ ಹೊಳೆಯುತ್ತದೆ. ಅಪ್ಪನ ಹೋಂಡಾ ಸಿಟಿಗೆ ಹಾಕಿಸಲು ಒಳ್ಳೇದು. ಟ್ರ್ಯಾಕಿನ ಬಿಸಿಗೆ ಅವುಗಳನ್ನು ನಂಬಿಕೊಂಡು ಹೋಗಬೇಡಿ.

ಇನ್ನು ಕೆಲವರು ಪ್ಯಾಡಿನ ಅಂಚು ನೋಡುತ್ತಾರೆ. ಪ್ಯಾಡಿನ ಬೆನ್ನಿಗಿರುವ ತಗಡಿನ ಪಕ್ಕದಲ್ಲಿ, ಮೆಟೀರಿಯಲ್ ಅಂಚಿನ ಮೇಲೆ ಸಣ್ಣದಾಗಿ ಅಕ್ಷರಗಳು ಅಚ್ಚಾಗಿರುತ್ತವೆ, ಅಮೆರಿಕದ ಪದ್ಧತಿ. ಕೊನೆಯ ಎರಡು ಅಕ್ಷರ ಹಿಡಿತ ಹೇಳುತ್ತವೆ. ಇ ಅಂದರೆ ಘರ್ಷಣೆ ಗುಣಾಂಕ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಮೊದಲನೆಯದು ಸಾಧಾರಣ ಬಿಸಿಯಲ್ಲಿ, ಎರಡನೆಯದು ಜಾಸ್ತಿ ಬಿಸಿಯಲ್ಲಿ. ಎಫ್‌ಎಫ್ ಅಂತಿದ್ದರೆ ಎರಡರಲ್ಲೂ ಒಂದೇ ಮಟ್ಟ, ಜಿಇ ಅಂತಿದ್ದರೆ ಬಿಸಿಯಾದಾಗ ಬಿದ್ದುಹೋಗುತ್ತದೆ ಅಂತ. ಚೆನ್ನಾಗಿದೆ, ನೋಡಿ. ಆದರೆ ಆ ಪರೀಕ್ಷೆಯಲ್ಲಿ ಜಾಸ್ತಿ ಬಿಸಿ ಅಂದರೂ ಸುಮಾರು 343 ಡಿಗ್ರಿಗೇ ಮುಗಿಯುತ್ತದೆ. ನಮ್ಮ ಕಥೆ ಶುರುವಾಗುವುದೇ ಅಲ್ಲಿಂದ ಮೇಲೆ. ಯುರೋಪಿನ ಆರ್90 ಮುದ್ರೆಯೂ ಹಾಗೇ: ಬದಲಿ ಪ್ಯಾಡಿನ ಹಿಡಿತ ಮೂಲ ಪ್ಯಾಡಿನದ್ದಕ್ಕಿಂತ ಶೇ 15ಕ್ಕಿಂತ ಜಾಸ್ತಿ ಏರಲೂ ಬಾರದು, ಇಳಿಯಲೂ ಬಾರದು ಅನ್ನುವ ನಿಯಮ ಅದು. ರಸ್ತೆಗೆ ನಂಬಿಕೆಯ ಗುರುತು, ಖಂಡಿತ. ಟ್ರ್ಯಾಕಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ, ಅಪ್ಪಟ ರೇಸ್ ಪ್ಯಾಡುಗಳಲ್ಲಿ ಎಷ್ಟೋ ಕಡೆ ಆ ಮುದ್ರೆಯೇ ಇರುವುದಿಲ್ಲ.

ಹಾಗಾದರೆ ಏನು ನೋಡಬೇಕು? ರೇಸಿಗೆ ಮಾಲು ಮಾಡುವ ಒಳ್ಳೆಯ ಕಂಪನಿಗಳು ಒಂದು ಗ್ರಾಫ್ ಕೊಡುತ್ತವೆ. ಅಡ್ಡಕ್ಕೆ ಬಿಸಿ, ಉದ್ದಕ್ಕೆ ಹಿಡಿತ. ಅದನ್ನು ಕೇಳಿ. ಉದಾಹರಣೆಗೆ ಫೆರೋಡೋ ಡಿಎಸ್2500 ತಗೊಳ್ಳಿ. 20 ಡಿಗ್ರಿಯಿಂದ 500ರವರೆಗೆ ಸರಾಸರಿ 0.42 ಅನ್ನುತ್ತದೆ ಕಂಪನಿ. ಅಂದರೆ ತಣ್ಣಗಿದ್ದಾಗಲೂ ಹಿಡಿಯುತ್ತದೆ, ಟ್ರ್ಯಾಕಿನಲ್ಲೂ ತಕ್ಕಮಟ್ಟಿಗೆ ನಿಲ್ಲುತ್ತದೆ. ನಮ್ಮಂಥ ಓಡಿಸಿಕೊಂಡು ಹೋಗಿ ಓಡಿಸಿಕೊಂಡು ಬರುವವರಿಗೆ ಈ ಜಾತಿಯದ್ದೇ ಸರಿ. ಇಬಿಸಿ ಕಂಪನಿಯ ಹಳದಿ ಮತ್ತು ನೀಲಿ ಪ್ಯಾಡುಗಳು, ಹಾಕ್ ಕಂಪನಿಯ ಎಚ್‌ಪಿ ಪ್ಲಸ್ ಎಲ್ಲ ಇದೇ ಗುಂಪಿಗೆ ಬರುತ್ತವೆ. ಯಾವುದು ಹೆಚ್ಚು ಅಂತ ಜಗಳ ಮಾಡಲು ನನಗೆ ಇಷ್ಟವಿಲ್ಲ. ನಿಮ್ಮ ಕಾರಿನ ಕ್ಯಾಲಿಪರಿಗೆ, ಅಂದರೆ ಪ್ಯಾಡ್ ಕೂರುವ ಹಿಡಿಕೆಗೆ ಸರಿಹೊಂದುವ ಆಕಾರದಲ್ಲಿ, ನಂಬುವ ಕಡೆಯಿಂದ ಯಾವುದು ಸಿಗುತ್ತದೋ ಅದು. ಅದರಾಚೆ ಹಾಕ್‌ನ ಡಿಟಿಸಿ, ಪ್ಯಾಗಿಡ್‌ನ ಆರ್‌ಎಸ್ ಸಾಲಿನಂಥ ಅಪ್ಪಟ ರೇಸ್ ಪ್ಯಾಡುಗಳಿವೆ. ಅವನ್ನು ರಸ್ತೆಯಲ್ಲಿ ಹಾಕಿಕೊಂಡು ಓಡಾಡಬಾರದು, ಅಷ್ಟೇ.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ರೇಸ್ ಪ್ಯಾಡ್ ಹಾಕಿಸಿಕೊಂಡು ಬೆಳಗಿನ ಜಾವ ನಂದಿ ಬೆಟ್ಟದ ರಸ್ತೆಗೆ ಹೋಗುವವರ ಸಂಖ್ಯೆ ಕಡಿಮೆಯೇನಿಲ್ಲ. ಚಳಿಗೆ ಡಿಸ್ಕ್ ತಣ್ಣಗಿರುತ್ತದೆ. ಮೊದಲ ತಿರುವಿನಲ್ಲಿ ಒಬ್ಬರು ಸೈಕಲ್ಲಿನವರು ಎದುರಾದರೆ ಆ ಪ್ಯಾಡ್ ಕಚ್ಚುವುದೇ ಇಲ್ಲ, ಬಿಸಿಯಾಗುವವರೆಗೆ ಕಾಯಿರಿ ಅಂತ ಸೈಕಲ್ಲಿನವರಿಗೆ ಹೇಳಕ್ಕಾಗುತ್ತಾ? ಟ್ರ್ಯಾಕಿನಿಂದ ವಾಪಸ್ ಬರುವಾಗಲೂ ಇದೇ ಪಾಡು. ವೆಲ್ಲೂರು ದಾಟಿ ಒಂದು ಗಂಟೆ ಬ್ರೇಕ್ ಮುಟ್ಟದೆ ಬಂದಿರುತ್ತೀರಿ, ಮಳೆ ಬೇರೆ, ಕೃಷ್ಣಗಿರಿ ಟೋಲ್ ಹತ್ತಿರ ಮುಂದಿನ ಲಾರಿ ಬ್ರೇಕ್ ಹಾಕುತ್ತದೆ. ಅಲ್ಲಿ ಕಾರಿನ ಜೊತೆ ಬಂದ ಕಂಪನಿ ಪ್ಯಾಡೇ ಗೆಲ್ಲುತ್ತದೆ, ಹತ್ತು ಪಟ್ಟು ಬೆಲೆಯ ರೇಸ್ ಪ್ಯಾಡ್ ಸೋಲುತ್ತದೆ.

ನನ್ನನ್ನು ಕೇಳಿದರೆ, ಮೊದಲ ಸಲ ಹೋಗುವವರು ಪ್ಯಾಡಿನ ಜಾತಿ ಬದಲಾಯಿಸುವುದೇ ಬೇಡ. ಕಾರಿನ ಕಂಪನಿಯದ್ದೇ ಹೊಸ ಪ್ಯಾಡ್, ಹೊಸ ಬ್ರೇಕ್ ಆಯಿಲ್, ಮೂರ್ನಾಲ್ಕು ಸುತ್ತು ಓಡಿಸಿ ಒಂದು ಸುತ್ತು ಆರಾಮಾಗಿ ಬಂದು ಒಳಗೆ ನಿಲ್ಲಿಸೋದು. ಹೊಸಬರು ಇನ್ನೂ ಅಷ್ಟು ವೇಗಕ್ಕೆ ಹೋಗಿರುವುದಿಲ್ಲ. ಆದರೆ ಅವರಲ್ಲಿ ಒಂದು ಅಭ್ಯಾಸ ಇರುತ್ತದೆ, ದೂರದಿಂದಲೇ ಮೆಲ್ಲಗೆ ತುಳಿದುಕೊಂಡು ಬರೋದು. ಇದರಿಂದ ಬ್ರೇಕಿಗೆ ಗಾಳಿ ತಗಲಿ ತಣಿಯುವ ಸಮಯವೇ ಸಿಗುವುದಿಲ್ಲ. ನೇರದಲ್ಲಿ ಗಟ್ಟಿಯಾಗಿ ತುಳಿದು ಬೇಗ ಬಿಟ್ಟುಬಿಡಬೇಕು. ಇನ್ನೊಂದು, ಕಾರಿನಲ್ಲಿ ಇಎಸ್‌ಪಿ, ಅಂದರೆ ಜಾರುವ ಕಾರನ್ನು ತಾನೇ ಹತೋಟಿಗೆ ತರುವ ವ್ಯವಸ್ಥೆ ಇದ್ದರೆ ತಿರುವಿನಲ್ಲಿ ಕಾರು ಜಾರಿದಾಗಲೆಲ್ಲ ಅದು ನಿಮಗೆ ಗೊತ್ತಿಲ್ಲದೆ ಒಂದೊಂದು ಚಕ್ರದ ಬ್ರೇಕ್ ಹಿಡಿಯುತ್ತಿರುತ್ತದೆ. ನಾನು ಬ್ರೇಕ್ ಜಾಸ್ತಿ ತುಳಿದೇ ಇಲ್ಲ, ಯಾಕೆ ಸುಟ್ಟಿತು ಅನ್ನುವವರು ಇದನ್ನು ಮರೆತಿರುತ್ತಾರೆ. ಹಾಗಂತ ಹೊಸಬರು ಅದನ್ನು ಆಫ್ ಮಾಡಬೇಕಾಗಿಲ್ಲ.

ಎರಡನೇ ಹಂತಕ್ಕೆ ಬಂದವರಿಗೆ ಆಗಲೇ ಹೇಳಿದ ನಡುವಿನ ಜಾತಿ. ಲೈಸೆನ್ಸ್ ಮಾಡಿಸಿ ರೇಸಿಗೇ ಇಳಿದವರಿಗೆ ಅಪ್ಪಟ ರೇಸ್ ಪ್ಯಾಡ್, ಆದರೆ ಅದನ್ನು ಪ್ಯಾಡಾಕ್‌ನಲ್ಲಿ, ಅಂದರೆ ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಜಾಗದಲ್ಲಿ ಹಾಕಿ ಅಲ್ಲೇ ಬಿಚ್ಚಬೇಕು. ಸ್ವಿಫ್ಟ್‌ನಂಥ ಕಾರಿನಲ್ಲಿ ಇದು ದೊಡ್ಡ ಕೆಲಸವಲ್ಲ. ಜಾಕ್ ಕೊಟ್ಟು ಸ್ಟ್ಯಾಂಡ್ ಇಟ್ಟು ಚಕ್ರ ತೆಗೆದು, ಕ್ಯಾಲಿಪರಿನ ಒಂದು ಬೋಲ್ಟ್ ಬಿಚ್ಚಿ ಮೇಲಕ್ಕೆ ಮಗುಚಿದರೆ ಪ್ಯಾಡ್ ಕೈಗೆ ಬರುತ್ತದೆ. ಪ್ಯಾಡನ್ನು ಒತ್ತುವ ಪಿಸ್ಟನ್ ಒಳಗೆ ತಳ್ಳುವಾಗ ಆಯಿಲ್ ಡಬ್ಬಿ ಉಕ್ಕದ ಹಾಗೆ ನೋಡಿಕೊಳ್ಳಬೇಕು, ಪೇಂಟ್ ಮೇಲೆ ಬಿದ್ದರೆ ಪೇಂಟ್ ಎದ್ದುಬರುತ್ತದೆ. ಪಿಸ್ಟನ್ ಹಿಂದೆ ಹೋಗಿರುವುದರಿಂದ ಹೊರಡುವ ಮೊದಲು ನಿಂತಲ್ಲೇ ಪೆಡಲ್ ಗಟ್ಟಿಯಾಗುವವರೆಗೆ ತುಳಿಯಲೇಬೇಕು. ಇದನ್ನು ಮರೆತು ಪ್ಯಾಡಾಕ್‌ನಲ್ಲೇ ಪಕ್ಕದ ಕಾರಿಗೆ ಗುದ್ದಿದವರನ್ನು ನೋಡಿದ್ದೇನೆ.

ಹಿಡಿತ ಜಾಸ್ತಿ ಇದ್ದಷ್ಟೂ ಒಳ್ಳೇದು ಅನ್ನೋದೂ ಸುಳ್ಳು. ಕಾರನ್ನು ಕೊನೆಗೆ ನಿಲ್ಲಿಸುವುದು ಟೈರು. ಮೈಲೇಜಿಗೆ ಅಂತ ಮಾಡಿದ ಗಟ್ಟಿ ಟೈರಿಗೆ ಕಚ್ಚುವ ಪ್ಯಾಡ್ ಹಾಕಿದರೆ ಮುಟ್ಟಿದ ಕೂಡಲೇ ಚಕ್ರ ಲಾಕ್ ಆಗದ ಹಾಗೆ ತಡೆಯುವ ಎಬಿಎಸ್ ಗಡಗಡ ಶುರು, ದೂರವೇನೂ ಕಡಿಮೆಯಾಗುವುದಿಲ್ಲ. ಮುಂದೆ ಮಾತ್ರ ಭಾರೀ ಪ್ಯಾಡ್ ಹಾಕಿ ಹಿಂದೆ ಹಳೇ ಡ್ರಮ್ ಬಿಟ್ಟರೆ ಕೆಲಸವೆಲ್ಲ ಮುಂದಿನದ್ದಕ್ಕೇ ಬಿದ್ದು ಅದು ಇನ್ನೂ ಬೇಗ ಕಾಯುತ್ತದೆ. ಹಿಂದೆ ಡಿಸ್ಕ್ ಇರುವ ಕಾರಿಗೆ ಹಿಂದಿನ ಪ್ಯಾಡೇ ಜಾಸ್ತಿ ಕಚ್ಚುವ ಹಾಗೆ ಹಾಕಿದರೆ ತಿರುವಿಗೆ ಇಳಿಯುವಾಗ ಹಿಂಭಾಗ ಎದ್ದು ತಿರುಗುತ್ತದೆ. ಅದು ಇನ್ನೂ ಅಪಾಯ.

ಬೈಕಿನವರಿಗೆ ಒಂದೇ ಮಾತು. ಸಿಂಟರ್ಡ್ ಪ್ಯಾಡ್, ಅಂದರೆ ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ್ದು, ಬಿಸಿ ಚೆನ್ನಾಗಿ ತಡೆಯುತ್ತದೆ, ಆದರೆ ನಿಮ್ಮ ಡಿಸ್ಕ್ ಅದಕ್ಕೆ ತಕ್ಕದ್ದು ಹೌದೋ ಅಲ್ಲವೋ ಕೇಳಿ ಹಾಕಿಸಿ. ಇಲ್ಲದಿದ್ದರೆ ಡಿಸ್ಕ್ ತಿಂದುಹಾಕುತ್ತದೆ.

ಹೊಸ ಪ್ಯಾಡ್ ಹಾಕಿದ ಕೂಡಲೇ ಜೋರಾಗಿ ಓಡಿಸಬಾರದು ಅನ್ನೋದು ಎಲ್ಲರಿಗೂ ಗೊತ್ತು, ಯಾಕೆ ಅನ್ನೋದು ಗೊತ್ತಿರುವುದಿಲ್ಲ. ಪ್ಯಾಡಿನ ಮೆಟೀರಿಯಲ್ ತೆಳುವಾಗಿ ಡಿಸ್ಕ್ ಮೇಲೆ ಒಂದೇ ಸಮ ಕೂರಬೇಕು, ಆಮೇಲೆ ಆ ಪದರದ ಮೇಲೆಯೇ ಅದು ಹಿಡಿಯುತ್ತದೆ. ರಾಳದ ಮೊದಲ ಗ್ಯಾಸ್ ಕೂಡ ಆಗಲೇ ಹೊರಟುಹೋಗಬೇಕು. 80ರಿಂದ 20ಕ್ಕೆ, ಆಮೇಲೆ 100ರಿಂದ 30ಕ್ಕೆ, ಹೀಗೆ ಬರಬರುತ್ತಾ ಗಟ್ಟಿಯಾಗಿ, ಪೂರ್ತಿ ನಿಲ್ಲಿಸದೆ ಹಲವು ಸಲ ಹಿಡಿಯೋದು, ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ತಣಿಸೋದು. ಪ್ರತಿ ಕಂಪನಿಯ ಪದ್ಧತಿ ಸ್ವಲ್ಪ ಬೇರೆ, ಡಬ್ಬದೊಳಗಿನ ಚೀಟಿ ಬಿಸಾಡಬೇಡಿ. ಇದನ್ನು ಟ್ರ್ಯಾಕಿನ ಮೊದಲ ಸೆಷನ್ನಿನಲ್ಲಿ ಮಾಡಿ, ಔಟರ್ ರಿಂಗ್ ರೋಡಿನಲ್ಲಿ ಬೇಡ. ಹಿಂದಿನಿಂದ ಬರುವವರಿಗೆ ನೀವು ಪ್ಯಾಡ್ ಕೂರಿಸುತ್ತಿದ್ದೀರಿ ಅಂತ ಗೊತ್ತಿರುವುದಿಲ್ಲ. ಕೆಂಪಗೆ ಕಾದ ಬ್ರೇಕ್ ಇಟ್ಟುಕೊಂಡು ಬಂದು ನಿಂತು ಪೆಡಲ್ ಒತ್ತಿ ಹಿಡಿದರೂ ಕಷ್ಟ, ಹ್ಯಾಂಡ್ ಬ್ರೇಕ್ ಎಳೆದರೂ ಕಷ್ಟ. ಪ್ಯಾಡ್ ನಿಂತ ಜಾಗದಲ್ಲಿ ಮೆಟೀರಿಯಲ್ ಗುಡ್ಡೆಯಾಗಿ ಅಂಟಿಕೊಳ್ಳುತ್ತದೆ, ಆಮೇಲೆ ಸ್ಟಿಯರಿಂಗ್ ನಡುಗುತ್ತದೆ. ಡಿಸ್ಕ್ ಬೆಂಡಾಗಿದೆ ಅಂತ ಲೇತ್‌ಗೆ ತರುತ್ತಾರಲ್ಲ, ಅದರಲ್ಲಿ ಎಷ್ಟೋ ಕಡೆ ಬೆಂಡೂ ಇಲ್ಲ ಏನೂ ಇಲ್ಲ, ಈ ಅಂಟೇ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಒಂದು ಕಲ್ಲು ಕೊಟ್ಟರೆ ಮುಗಿಯಿತು.

ಟ್ರ್ಯಾಕಿನಿಂದ ಬಂದ ಪ್ಯಾಡ್ ಬಿಚ್ಚಿ ಕೈಯಲ್ಲಿ ಹಿಡಿದರೆ ಎಲ್ಲ ಹೇಳುತ್ತದೆ. ಅಂಚು ಬೂದಿ ಬಣ್ಣಕ್ಕೆ ತಿರುಗಿ ಉಗುರಿನಲ್ಲಿ ಕೆರೆದರೆ ಪುಡಿ ಉದುರಿತು ಅಂದರೆ ಅದರ ತಾಕತ್ತಿಗೆ ಮೀರಿದ ಬಿಸಿ ಕಂಡಿದೆ. ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಗ್ಲೇಜ್ ಆಗಿದೆ, ಅಂದರೆ ನುಣುಪಾಗಿ ಹಿಡಿತ ಕಳೆದುಕೊಂಡಿದೆ. ಒಂದು ಕಡೆ ದಪ್ಪ ಒಂದು ಕಡೆ ತೆಳು ಇದ್ದರೆ ಪ್ಯಾಡಿನ ತಪ್ಪಲ್ಲ, ಕ್ಯಾಲಿಪರ್ ಪಿನ್ ಜಾಮ್ ಆಗಿದೆ, ಪಿನ್ ತೆಗೆದು ಒರೆಸಿ ಗ್ರೀಸ್ ಹಾಕಬೇಕು. ಪಿಸ್ಟನ್ ಸುತ್ತಲಿನ ರಬ್ಬರ್ ಸುಟ್ಟು ಗಟ್ಟಿಯಾಗಿದ್ದರೆ ಆಯಿಲ್‌ಗೂ ಬಿಸಿ ಹೋಗಿದೆ ಅಂತಲೇ ಅರ್ಥ. ಡಿಸ್ಕ್ ಮೇಲೆ ಕೂದಲಿನಷ್ಟು ಸಣ್ಣ ಗೆರೆಗಳು ಇರಬಹುದು, ಆದರೆ ಗೆರೆ ಅಂಚಿನವರೆಗೆ ಬಂದಿದ್ದರೆ ಆ ಡಿಸ್ಕ್ ಗುಜರಿಗೆ. ಲೆಕ್ಕ ಸರಿಯಾಗಿ ಬೇಕು ಅನ್ನುವವರು ಡಿಸ್ಕ್ ಅಂಚಿಗೆ ಬಿಸಿ ತೋರಿಸುವ ಪೇಂಟ್ ಹಚ್ಚುತ್ತಾರೆ. ಎಪಿ ರೇಸಿಂಗ್‌ನದ್ದರಲ್ಲಿ ಹಸಿರು 430 ಡಿಗ್ರಿಗೆ, ಕಿತ್ತಳೆ 560ಕ್ಕೆ, ಕೆಂಪು 610ಕ್ಕೆ ಬಣ್ಣ ಬಿಡುತ್ತದೆ. ಯಾವುದು ಬಿಟ್ಟಿದೆ ಅಂತ ನೋಡಿ ಗ್ರಾಫ್ ಪಕ್ಕ ಇಟ್ಟರೆ ನಿಮ್ಮ ಕಾರಿಗೆ ಯಾವ ಪ್ಯಾಡ್ ಬೇಕು ಅನ್ನೋದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ನನ್ನನ್ನೂ ಕೂಡ.

ದಪ್ಪದ ವಿಷಯದಲ್ಲಿ ಜಿಪುಣತನ ಬೇಡ. ರಸ್ತೆಯಲ್ಲಿ ಮೂರು ಮಿ.ಮೀ. ಉಳಿದರೂ ನಡೆಯುತ್ತದೆ. ಟ್ರ್ಯಾಕಿಗೆ ಅರ್ಧಕ್ಕಿಂತ ತೆಳುವಾದ ಪ್ಯಾಡ್ ಹಾಕಿಕೊಂಡು ಹೋಗಬೇಡಿ. ಪಿಸ್ಟನ್ನಿಗೂ ಆಯಿಲ್‌ಗೂ ಬಿಸಿ ತಲುಪದ ಹಾಗೆ ಅಡ್ಡ ನಿಂತಿರುವುದು ಆ ದಪ್ಪವೇ. ತೂತು ಕೊರೆದ ಡಿಸ್ಕ್ ಬಗ್ಗೆಯೂ ಕೇಳುತ್ತಾರೆ. ನೋಡಲು ಚೆಂದ, ಆ ತೂತಿನಿಂದಲೇ ಬಿರುಕು ಶುರುವಾಗುತ್ತದೆ, ನಾನು ಹಾಕಿಕೊಡುವುದಿಲ್ಲ.

ಖರೀದಿಗೆ ಹೋಗುವಾಗ ಹಳೇ ಪ್ಯಾಡ್ ಜೊತೆಗೆ ತಗೊಂಡು ಹೋಗಿ ಪಕ್ಕದಲ್ಲಿಟ್ಟು ನೋಡಿ. ಒಂದೇ ಹೆಸರಿನ ಕಾರಿಗೆ ವರ್ಷಕ್ಕೆ ತಕ್ಕಂತೆ ಕ್ಯಾಲಿಪರ್ ಬೇರೆಯಾಗಿರುತ್ತದೆ. ಪೋಲೋ, ಸ್ವಿಫ್ಟ್‌ನಂತೆ ಹೊರದೇಶದಲ್ಲೂ ಓಡುವ ಕಾರಿಗೆ ಟ್ರ್ಯಾಕ್ ಪ್ಯಾಡ್ ಸಿಗುತ್ತದೆ, ಇಲ್ಲಿಗೆ ಅಂತಲೇ ಮಾಡಿದ ಕಾರುಗಳಿಗೆ ಕಷ್ಟ. ಆಗ ಹಳೇ ತಗಡಿಗೆ ಹೊಸ ಮೆಟೀರಿಯಲ್ ಅಂಟಿಸಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಟ್ರ್ಯಾಕಿಗೆ ಅದು ಬೇಡವೇ ಬೇಡ. 500 ಡಿಗ್ರಿಯಲ್ಲಿ ಅಂಟು ಬಿಟ್ಟರೆ ತಗಡು ಡಿಸ್ಕಿಗೆ ಉಜ್ಜುತ್ತದೆ. ನಕಲಿ ಮಾಲೂ ಇದೆ, ಡಬ್ಬ ಅಸಲಿಯ ಹಾಗೇ ಇರುತ್ತದೆ. ಅಕ್ಷರಗಳು ಪೇಂಟಿನಲ್ಲಿ ಬರೆದಂತಿದ್ದು ಬೆರಳಿಗೆ ಹತ್ತಿದರೆ, ಬ್ಯಾಚ್ ನಂಬರ್ ಡಬ್ಬದ ಮೇಲೊಂದು ತಗಡಿನ ಮೇಲೊಂದು ಇದ್ದರೆ ವಾಪಸ್ ಕೊಟ್ಟು ಬನ್ನಿ. ಇನ್ನೊಂದು, ಬ್ರೇಕ್ ಪುಡಿಯನ್ನು ಏರ್ ಹೊಡೆದು ಹಾರಿಸಬೇಡಿ. ಹಳೇ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅಗ್ಗದ ಮಾಲಿನಲ್ಲಿ ಏನಿದೆ ಅಂತ ಯಾರು ನೋಡಿದ್ದಾರೆ? ಒದ್ದೆ ಬಟ್ಟೆಯಲ್ಲಿ ಒರೆಸಿ.

ಕೊನೆಗೆ ನನ್ನ ಬೇಡಿಕೆ. ಟ್ರ್ಯಾಕ್ ಡೇ ನಡೆಸುವವರು ಹೆಲ್ಮೆಟ್ ನೋಡುತ್ತಾರೆ, ಸೀಟ್ ಬೆಲ್ಟ್ ನೋಡುತ್ತಾರೆ, ಎಳೆಯುವ ಹುಕ್ ಇದೆಯಾ ಕೇಳುತ್ತಾರೆ. ಬ್ರೇಕ್ ಆಯಿಲ್‌ಗೆ ಪೆನ್ನಿನಂಥ ಟೆಸ್ಟರ್ ಅದ್ದಿ ನೋಡುವುದಕ್ಕೆ ಅರ್ಧ ನಿಮಿಷ ಸಾಕು, ಕೆಲವು ನೂರು ರೂಪಾಯಿಯ ಸಾಮಾನು. ಅದು ತೇವ ಎಷ್ಟಿದೆ ಅಂತ ಅಂದಾಜು ಮಾತ್ರ ಹೇಳುತ್ತದೆ ನಿಜ, ಆದರೂ ಕೆಂಪು ದೀಪ ಹತ್ತಿದ ಕಾರನ್ನು ಒಳಗೆ ಬಿಡದಿದ್ದರೆ ಅಷ್ಟಾದರೂ ಆಯಿತಲ್ಲ. ಅಲಾಯ್ ವೀಲ್ ಸಂದಿಯಿಂದ ಟಾರ್ಚ್ ಬಿಟ್ಟು ಪ್ಯಾಡಿನ ದಪ್ಪವನ್ನೂ ನೋಡಬಹುದು. ಮಾರುವವರು ಡಬ್ಬದ ಮೇಲೆ ರೇಸಿಂಗ್ ಅಂತ ಬೆಂಕಿಯ ಚಿತ್ರ ಹಾಕುವ ಬದಲು ಎಷ್ಟು ಡಿಗ್ರಿಯಿಂದ ಎಷ್ಟು ಡಿಗ್ರಿವರೆಗೆ ಅಂತ ಒಂದು ಸಾಲು ಅಚ್ಚು ಹಾಕಲಿ.

ನಿಮ್ಮ ವಾಹನ ಪುಟದವರಿಗೂ ಅದೇ ವಿನಂತಿ, ಮುಂದಿನ ಸಲ ಪ್ಯಾಡ್ ಬಗ್ಗೆ ಬರೆಯುವಾಗ ಬೆಲೆಯ ಪಕ್ಕದಲ್ಲಿ ಬಿಸಿಯ ಮಿತಿಯನ್ನೂ ಹಾಕಿ. ಫೋಟೋ ಬೇಕಿದ್ದರೆ ಸುಟ್ಟ ಪ್ಯಾಡು, ಬಿರುಕು ಬಿಟ್ಟ ಡಿಸ್ಕು ನನ್ನ ಗ್ಯಾರೇಜಿನಲ್ಲಿ ಒಂದು ಬಕೆಟ್ ತುಂಬಾ ಇವೆ. ಯಾವತ್ತಾದರೂ ಬನ್ನಿ, ಭಾನುವಾರ ಮಾತ್ರ ಬಾಗಿಲು ಹಾಕಿರುತ್ತದೆ.

ಇತಿ,
ಒಬ್ಬ ಗ್ಯಾರೇಜಿನವ
ರಾಜಾಜಿನಗರ, ಬೆಂಗಳೂರು